ಯಾರೋ ಓಡಿದರೆ ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಹೇಗೆ ಬರುತ್ತೆ?

ಪ್ರಶ್ನೆ: ನನ್ನ ತಂಗಿ ಕೆನಡಾದಲ್ಲಿದ್ದಾಳೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಟೆರ್ರಿ ಫಾಕ್ಸ್ ಓಟಕ್ಕೆ ಹೋಗುತ್ತಾಳೆ. ಕ್ಯಾನ್ಸರ್ ಸಂಶೋಧನೆಗೆ ಅಂತೆ. ಸುಮ್ನೆ ಓಡಿದರೆ ದುಡ್ಡು ಎಲ್ಲಿಂದ ಬರುತ್ತೆ?

ಉತ್ತರ: ಓಟದಿಂದ ಬರುವುದಿಲ್ಲ, ಓಡುವವರನ್ನು ಬಲ್ಲವರ ಜೇಬಿನಿಂದ ಬರುತ್ತದೆ. 'ನಾನು ಓಡ್ತಿದ್ದೀನಿ, ನೀವೆಷ್ಟು ಹಾಕ್ತೀರಿ?' ಅಂತ ನಿಮ್ಮ ತಂಗಿ ಆಫೀಸಿನವರನ್ನು, ನೆಂಟರನ್ನು ಕೇಳುತ್ತಾಳೆ. ಗಣೇಶನ ಚಂದಾಕ್ಕೆ ಪಕ್ಕದ ಮನೆ ಹುಡುಗನೇ ರಸೀದಿ ಪುಸ್ತಕ ಹಿಡಿದು ಬಂದರೆ ಇಲ್ಲ ಅನ್ನೋಕಾಗಲ್ಲ ಅಲ್ವಾ? ಇಲ್ಲೂ ಅದೇ ದಾಕ್ಷಿಣ್ಯ.

ಈ ಓಟಕ್ಕೆ ಹೆಸರು ಕೊಟ್ಟ ಕೆನಡಾದ ಹುಡುಗ ಟೆರ್ರಿ ಫಾಕ್ಸ್‌ಗೆ 18 ವಯಸ್ಸಿನಲ್ಲಿ ಮೂಳೆ ಕ್ಯಾನ್ಸರ್ ಬಂತು. 1977ರಲ್ಲಿ ಬಲಗಾಲನ್ನು ಮಂಡಿಯ ಮೇಲಿನಿಂದ ತೆಗೆದರು. ಬದುಕುವ ಅವಕಾಶ ನೂರಕ್ಕೆ 50, ಎರಡು ವರ್ಷ ಹಿಂದಾಗಿದ್ದರೆ 15 ಮಾತ್ರ ಅಂದರು ಡಾಕ್ಟರು. ಆ ವ್ಯತ್ಯಾಸ ತಂದಿದ್ದು ಸಂಶೋಧನೆ ಅನ್ನುವುದು ಅವನ ತಲೆಯಲ್ಲಿ ಕೂತುಬಿಟ್ಟಿತು.

ಸಂಶೋಧನೆಗೆ ದುಡ್ಡು ಕೂಡಿಸೋಕೆ ಕೆನಡಾದ ಆ ತುದಿಯಿಂದ ಈ ತುದಿಗೆ ಓಡ್ತೀನಿ ಅಂತ 1980ರ ಏಪ್ರಿಲ್ 12ರಂದು ಪೂರ್ವ ತುದಿಯ ಸೇಂಟ್ ಜಾನ್ಸ್‌ನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ನೀರಿಗೆ ಅದ್ದಿ ಹೊರಟ. ಒಳ್ಳೆಯ ಕಾಲಿನ ಮೇಲೆ ಎರಡು ಸಲ ಕುಪ್ಪಳಿಸಿ, ಆಮೇಲೆ ಕೃತಕ ಕಾಲು ಮುಂದಿಡಬೇಕು. ದಿನಕ್ಕೆ ಸುಮಾರು 42 ಕಿಲೋಮೀಟರ್ ಹೀಗೇ. ಜೊತೆಗೆ ಗೆಳೆಯ ಓಡಿಸುವ ವ್ಯಾನು. ಪೋರ್ಟ್ ಓ ಬಾಸ್ಕ್ ಅನ್ನೋ ಹತ್ತು ಸಾವಿರ ಜನರ ಊರು ಹತ್ತು ಸಾವಿರ ಡಾಲರ್ ಮೀರಿ ಕೊಟ್ಟಿತು. ತಲೆಗೊಂದು ಡಾಲರ್! ಹಾಗಾದರೆ ಇಡೀ ದೇಶದಿಂದಲೂ ಕೇಳಬಹುದಲ್ಲ ಅಂದುಕೊಂಡ. ಫೋರ್ ಸೀಸನ್ಸ್ ಹೋಟೆಲುಗಳ ಸ್ಥಾಪಕ ಇಸಡೋರ್ ಶಾರ್ಪ್, ಅವನು ಓಡಿದ ಮೈಲಿಗೆ 2 ಡಾಲರ್ ಲೆಕ್ಕದಲ್ಲಿ ಕೊಡಲು ಒಪ್ಪಿಕೊಂಡರು. ಅವರ ಮಗನೂ ಕ್ಯಾನ್ಸರ್‌ನಿಂದ ಹೋಗಿದ್ದ.

143 ದಿನ, 5,373 ಕಿಲೋಮೀಟರ್. ಥಂಡರ್ ಬೇ ಹತ್ತಿರ ಓಟ ನಿಂತಿತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. 1981ರ ಫೆಬ್ರವರಿ ಹೊತ್ತಿಗೆ 2.4 ಕೋಟಿ ಡಾಲರ್ ಸೇರಿತು. ದೇಶದ ಜನಸಂಖ್ಯೆಯೂ ಹೆಚ್ಚುಕಮ್ಮಿ ಅಷ್ಟೇ. ಆ ಜೂನ್‌ನಲ್ಲಿ ಅವನು ತೀರಿಕೊಂಡ, ಸೆಪ್ಟೆಂಬರ್‌ನಿಂದ ವರ್ಷಕ್ಕೊಂದು ಓಟ ಶುರುವಾಯಿತು.

ನನಗೆ ಜಾಸ್ತಿ ಹಿಡಿಸಿದ್ದು: ಈ ಓಟಕ್ಕೆ ಪ್ರವೇಶ ಶುಲ್ಕವಿಲ್ಲ, ಇಷ್ಟೇ ತರಬೇಕು ಅಂತಿಲ್ಲ. ಬೇರೆ ಕಡೆ ಎಲ್ಲ ಹೀಗಿರಲ್ಲ. ನಿಮ್ಮೂರಿನಲ್ಲಿ 'ಕ್ಯಾನ್ಸರ್‌ಗಾಗಿ ಓಟ' ಅಂತ ಪೋಸ್ಟರ್ ಕಂಡರೆ ಮೊದಲು ಕೇಳಿ: ಶುಲ್ಕದಲ್ಲಿ ಟಿ-ಶರ್ಟು, ಮೆಡಲು, ಪೆಂಡಾಲಿನ ಖರ್ಚು ಕಳೆದು ಎಷ್ಟು ಉಳಿಯುತ್ತೆ? ಉಳಿದಿದ್ದು ಸಂಶೋಧನೆಗಾ, ಬಡ ರೋಗಿಗಳ ಚಿಕಿತ್ಸೆಗಾ, ಬರೀ ಜಾಗೃತಿಗಾ? ಯಾವುದಕ್ಕೆ ಕೊಟ್ಟರೂ ತಪ್ಪಿಲ್ಲ, ಆದರೆ ಯಾವುದಕ್ಕೆ ಅಂತ ಗೊತ್ತಿರಲಿ.