ದೋಣಿಗಾರರ ಮಂಜುಗಡ್ಡೆ ಮಾತಿಗೆ ಬಂದ ಬಗೆ

ಬೆಂಗಳೂರಿನ ಕಚೇರಿಗಳಲ್ಲಿ ತರಬೇತಿ ಶುರುವಾಗುವ ಮುನ್ನ, ಬಂದವರಿಂದ ಹೆಸರು, ಊರು, ಇಷ್ಟದ ತಿಂಡಿ ಹೇಳಿಸುವ ಆಟವನ್ನು ‘ಐಸ್‌ಬ್ರೇಕರ್’ ಎನ್ನುತ್ತಾರೆ. ಇದರ ಬೇರು ‘ಬ್ರೇಕ್ ದಿ ಐಸ್’, ಅಂದರೆ ‘ಮಂಜುಗಡ್ಡೆ ಒಡೆ’, ಎಂಬ ಇಂಗ್ಲಿಷ್ ನುಡಿಗಟ್ಟಿನಲ್ಲಿದೆ. ಪರಿಚಯವಿಲ್ಲದವರ ನಡುವಣ ಬಿಗುವನ್ನು ಸಡಿಲಿಸಿ ಮಾತು ಶುರುಮಾಡುವುದು ಎಂಬುದು ಅದರ ಇಂದಿನ ಅರ್ಥ. ಹೆಪ್ಪುಗಟ್ಟಿದ ಕಡಲನ್ನು ಸೀಳಿ ಸಾಗುವ ದೊಡ್ಡ ಹಡಗುಗಳಿಂದ ಇದು ಹುಟ್ಟಿತೆಂಬ ವಿವರಣೆ ಹಲವೆಡೆ ಕಾಣುತ್ತದೆಯಾದರೂ ಕಾಲದ ಲೆಕ್ಕ ಹೊಂದುವುದಿಲ್ಲ. ಆ ಕೆಲಸಕ್ಕೆಂದೇ ಕಟ್ಟಿದ ಹಬೆಯಂತ್ರದ ಹಡಗುಗಳು 19ನೆಯ ಶತಮಾನದವು. ನುಡಿಗಟ್ಟು 16ನೆಯ ಶತಮಾನದಲ್ಲೇ ಇಂಗ್ಲಿಷಿನಲ್ಲಿತ್ತು.

ಅದರ ಲ್ಯಾಟಿನ್ ರೂಪವನ್ನು ತನ್ನ ಗಾದೆಗಳ ಸಂಗ್ರಹದಲ್ಲಿ ಸೇರಿಸಿಕೊಂಡ ಡಚ್ ವಿದ್ವಾಂಸ ಎರಾಸ್ಮಸ್, ಇದು ದೋಣಿಗಾರರಿಂದ ಬಂದ ಮಾತು ಎನ್ನುತ್ತಾನೆ. ನದಿ ಹೆಪ್ಪುಗಟ್ಟಿದಾಗ ಅವರು ಒಬ್ಬನನ್ನು ಮುಂದೆ ಕಳಿಸುತ್ತಿದ್ದರು. ಅವನು ಗಡ್ಡೆ ಒಡೆದು ತೆರೆದ ಜಾಡಿನಲ್ಲಿ ಉಳಿದವರು ಸಾಗುತ್ತಿದ್ದರು. ಎಂದರೆ, ಕಷ್ಟದ ಕೆಲಸಕ್ಕೆ ಮೊದಲು ಕೈಹಾಕಿ ಹಿಂದಿನವರಿಗೆ ದಾರಿ ಮಾಡಿಕೊಡುವುದೇ ಇದರ ಮೂಲಾರ್ಥ. ಮನಸ್ಸಿನ ಚಳಿಯ ಸುಳಿವೇ ಅಲ್ಲಿಲ್ಲ.

ಶೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕದಲ್ಲಿಯೂ ಇದೇ ಅರ್ಥ. ಹಿರಿಮಗಳ ಮದುವೆಯಾಗದೆ ಕಿರಿಯವಳನ್ನು ಕೊಡುವುದಿಲ್ಲವೆಂದು ತಂದೆ ಹಟ ಹಿಡಿದಿದ್ದಾನೆ. ಹಿರಿಯವಳನ್ನು ವರಿಸಲು ಹೊರಟ ಪೆಟ್ರೂಕಿಯೋಗೆ, ಕಿರಿಯವಳ ಆಕಾಂಕ್ಷಿಯ ಸೋಗಿನಲ್ಲಿರುವ ಟ್ರಾನಿಯೋ, ‘ನೀನು ಮಂಜುಗಡ್ಡೆ ಒಡೆದರೆ’ ಕಿರಿಯವಳ ಹಾದಿ ನಮಗೆ ತೆರೆಯುತ್ತದೆ ಎಂಬರ್ಥದಲ್ಲಿ ಹೇಳುತ್ತಾನೆ. ಇಲ್ಲಿ ಮುಂದೆ ಹೋಗುವ ದೋಣಿಯವನು ಪೆಟ್ರೂಕಿಯೋ, ಹಿಂದೆ ಕಾದು ನಿಂತವರು ಕಿರಿಯವಳ ಆಕಾಂಕ್ಷಿಗಳು.

ಮಾತಿನ ಕಡೆಗೆ ಅರ್ಥ ವಾಲಿದ್ದು ಆಮೇಲೆ. 1678ರಲ್ಲಿ ಸ್ಯಾಮ್ಯುಯೆಲ್ ಬಟ್ಲರನ ವಿಡಂಬನ ಕಾವ್ಯದ ಭಾಷಣಕಾರನೊಬ್ಬ ಮೌನವನ್ನೂ ಮಂಜುಗಡ್ಡೆಯನ್ನೂ ಒಟ್ಟಿಗೇ ಮುರಿಯುತ್ತಾನೆ. 1823ರ ಹೊತ್ತಿಗೆ ಬೈರನ್ ಈ ಗಡ್ಡೆಯನ್ನು ನದಿಯಿಂದ ಎತ್ತಿ ಮನುಷ್ಯರೊಳಗೇ ಇಟ್ಟ: ತಣ್ಣನೆಯ ಜನರ ಹಾಳು ಮಂಜುಗಡ್ಡೆಯನ್ನು ಒಮ್ಮೆ ಒಡೆದರೆ ಅವರಿಗೆ ಬೆಲೆ ಕಟ್ಟಲಾಗದು ಎಂದು ‘ಡಾನ್ ವಾನ್’ ಕಾವ್ಯದಲ್ಲಿ ಬರೆದ. ಇಂದಿನ ಬಳಕೆಗೆ ಹೆಚ್ಚು ಹತ್ತಿರವಾದದ್ದು ಈ ಸಾಲೇ ಎಂದು ನನಗನ್ನಿಸುತ್ತದೆ.

ಇದನ್ನು ಕನ್ನಡದಲ್ಲಿ ‘ಮಂಜುಗಡ್ಡೆ ಒಡೆದರು’ ಎಂದು ಬರೆದಾಗ ಕಿವಿಗೆ ಒಗ್ಗುವುದಿಲ್ಲ. ‘ಹೊಟ್ಟೆ ತಣ್ಣಗಿರಲಿ’ ಎಂದು ಹರಸುವ ಸೀಮೆಯಲ್ಲಿ ತಂಪು ಒಡೆದು ತೆಗೆಯಬೇಕಾದ ವಸ್ತುವಲ್ಲ. ನಮ್ಮವರು ಮಾಡುವುದು ‘ಮಾತಿಗೆಳೆಯುವ’ ಕೆಲಸ: ಎಲೆಯಡಿಕೆ ಸಂಚಿಯನ್ನು ಪಕ್ಕದವರತ್ತ ಸರಿಸಿ, ‘ಯಾವೂರಾಯ್ತು ತಮ್ದು?’ ಎನ್ನುತ್ತಾರೆ.