ಓದುಗರ ಪ್ರಶ್ನೆ: ಗೋಲು 895, ಕಪ್ ಒಂದೇ. ಇದ್ಯಾವ ಲೆಕ್ಕ?

“ಸರ್, ಓವೆಚ್ಕಿನ್ 895 ಗೋಲು ಹೊಡೆದು ಗ್ರೆಟ್ಸ್ಕಿ ದಾಖಲೆ ಮುರಿದ, ಸರಿ. ಆದ್ರೆ ಅವನ ಹತ್ರ ಇರೋದು ಒಂದೇ ಕಪ್. ಗ್ರೆಟ್ಸ್ಕಿ ಹತ್ರ ನಾಲ್ಕು. ಆನ್ರಿ ರಿಶಾರ್ ಅಂತ ಯಾರೋ, ಅವರ ಹತ್ರ ಹನ್ನೊಂದಂತೆ. ಹಂಗಾದ್ರೆ ಓವೆಚ್ಕಿನ್ ತಂಡಕ್ಕೋಸ್ಕರ ಅಲ್ಲ, ತನ್ನ ಲೆಕ್ಕಕ್ಕೋಸ್ಕರ ಆಡಿದ ಅಂತ ತಾನೆ?”

ವಾಷಿಂಗ್ಟನ್ ತಂಡದ ಓವೆಚ್ಕಿನ್ ಆ 895ನೇ ಗೋಲು ಹೊಡೆದ ದಿನ, ಅಂದರೆ 2025ರ ಏಪ್ರಿಲ್ 6ರಿಂದ, ಈ ಪ್ರಶ್ನೆ ನಾನಾ ವೇಷದಲ್ಲಿ ಬರುತ್ತಿದೆ. ಮದುವೆ ಊಟದ ಪಂಕ್ತಿಯಲ್ಲಿ ಬಂದಿದೆ, ಕನ್ನಡ ರಾಜ್ಯೋತ್ಸವದ ದಿನ ಪಾರ್ಕಿಂಗ್ ಜಾಗದಲ್ಲಿ ಬಂದಿದೆ. ಹೇಳಿ ಹೇಳಿ ನಾಲಿಗೆ ಸವೆಯಿತು. ಇದೊಂದು ಸಲ ಉದ್ದಕ್ಕೆ ಬರೆದುಬಿಡುತ್ತೇನೆ. ಮುಂದೆ ಯಾರೇ ಕೇಳಲಿ, ಇದನ್ನೇ ಕಳಿಸುತ್ತೇನೆ. ಊರಿನಲ್ಲಿ ಕೂತು ಓದುವವರಿಗೆ ಒಂದು ಮಾತು: ಇದು ಕೊಡಗಿನ ಮೈದಾನದ ಹಾಕಿಯಲ್ಲ. ಕೆನಡಾ, ಅಮೆರಿಕದಲ್ಲಿ ಬರೀ ‘ಹಾಕಿ’ ಅಂದರೆ ಮಂಜುಗಡ್ಡೆಯ ಮೇಲಿನ ಆಟ. ಚೆಂಡಿನ ಬದಲು ಪಕ್, ಲೀಗಿನ ಹೆಸರು ಎನ್‌ಎಚ್‌ಎಲ್, ಕಪ್ಪಿನ ಹೆಸರು ಸ್ಟ್ಯಾನ್ಲಿ ಕಪ್.

ಚುಟುಕು ಉತ್ತರ ಬೇಕಿದ್ದವರು ಇಷ್ಟು ಓದಿ ಎದ್ದು ಹೋಗಬಹುದು. 895 ಎನ್ನುವುದು ಲೀಗ್ ಪಂದ್ಯಗಳ ಗೋಲುಗಳ ಲೆಕ್ಕ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಈಗ ಪ್ರತಿ ತಂಡವೂ 82 ಪಂದ್ಯ ಆಡುತ್ತದೆ, ದಾಖಲೆ ಅಲ್ಲಿನದು. ಆಮೇಲೆ 32 ತಂಡಗಳಲ್ಲಿ 16 ಪ್ಲೇಆಫ್‌ಗೆ ಹೋಗುತ್ತವೆ. ಏಳು ಪಂದ್ಯದ ಸರಣಿಯಲ್ಲಿ ನಾಲ್ಕು ಗೆದ್ದವರು ಮುಂದಕ್ಕೆ, ಹೀಗೆ ನಾಲ್ಕು ಸುತ್ತು, ಒಟ್ಟು 16 ಗೆಲುವು. ಕಪ್ ಅಲ್ಲಿನದು. ಪ್ಲೇಆಫ್‌ನಲ್ಲಿ ಹೊಡೆದ ಗೋಲು 895ಕ್ಕೂ ಸೇರುವುದಿಲ್ಲ, ಗ್ರೆಟ್ಸ್ಕಿಯ 894ಕ್ಕೂ ಸೇರಿಲ್ಲ. ಗ್ರೆಟ್ಸ್ಕಿ ಪ್ಲೇಆಫ್‌ನಲ್ಲಿ ಹೊಡೆದ 122 ಗೋಲು ಬೇರೆಯೇ ಪುಟದಲ್ಲಿವೆ. ಎರಡನ್ನೂ ಕೂಡಿದರೆ 1016. ಅಂದರೆ ಒಂದನ್ನು ಚಳಿಗಾಲವಿಡೀ ಅಳೆಯುತ್ತಾರೆ, ಇನ್ನೊಂದನ್ನು ಕಡೆಯ ಎರಡು ತಿಂಗಳಲ್ಲಿ.

ಇನ್ನು ಆ ‘ತನ್ನ ಲೆಕ್ಕಕ್ಕೋಸ್ಕರ’ ಎಂಬ ಮಾತಿಗೆ ಬರೋಣ. ಈ ಕಳೆಯನ್ನು ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುತ್ತದೆ. ನಮಗೆ ಇದು ಕ್ರಿಕೆಟ್ಟಿನಿಂದ ಅಂಟಿದ್ದು. ಸೆಂಚುರಿ ಬಂತು, ಮ್ಯಾಚು ಹೋಯಿತು, ಆದ್ದರಿಂದ ಸೆಂಚುರಿಯದ್ದೇ ತಪ್ಪು! 2016ರ ಐಪಿಎಲ್‌ನಲ್ಲಿ ಕೊಹ್ಲಿ 973 ರನ್ ಹೊಡೆದ. ಫೈನಲ್ ಅನ್ನು ನಮ್ಮದೇ ಚಿನ್ನಸ್ವಾಮಿಯಲ್ಲಿ ಎಂಟು ರನ್ನಿನಿಂದ ಸೋತೆವು. ಅವನು ಒಂದಿನ್ನೂರು ರನ್ ಕಡಿಮೆ ಹೊಡೆದಿದ್ದರೆ ಕಪ್ ಬರುತ್ತಿತ್ತೇ? ಫೈನಲ್ಲಿಗೇ ಹೋಗುತ್ತಿರಲಿಲ್ಲ. ಬೆಂಗಳೂರಿನವರಿಗೆ ನಾನು ಇದನ್ನು ಹೇಳಬೇಕೇ?

ಈಗ ಹಾಕಿಯ ದಾಖಲೆಯ ವರ್ಷಗಳನ್ನೇ ಒಂದೊಂದಾಗಿ ತೆಗೆಯುತ್ತೇನೆ. 1944-45ರಲ್ಲಿ ಮಾಂಟ್ರಿಯಲ್‌ನ ಮೋರಿಸ್ ರಿಶಾರ್ 50 ಪಂದ್ಯದಲ್ಲಿ 50 ಗೋಲು ಹೊಡೆದ. ಅದುವರೆಗೆ ಯಾರೂ ಮಾಡದ ಕೆಲಸ. ಆ ವರ್ಷ ಮಾಂಟ್ರಿಯಲ್ ಸೆಮಿಫೈನಲ್‌ನಲ್ಲಿ ಟೊರಾಂಟೊಗೆ ಸೋತಿತು. 1970-71ರಲ್ಲಿ ಬಾಸ್ಟನ್‌ನ ಫಿಲ್ ಎಸ್ಪೊಸಿಟೊ 76 ಗೋಲು, 152 ಪಾಯಿಂಟ್ (ತಾನು ಹೊಡೆದ ಗೋಲಿಗೂ ಇನ್ನೊಬ್ಬರ ಗೋಲಿಗೆ ಕೊಟ್ಟ ನೆರವಿಗೂ ಆಟಗಾರನಿಗೆ ತಲಾ ಒಂದು ಪಾಯಿಂಟ್). ಎರಡೂ ಆಗಿನ ದಾಖಲೆ. ಅವನೊಬ್ಬನೇ ಅಲ್ಲ, ಆ ವರ್ಷ ಲೀಗಿನ ಪಾಯಿಂಟ್ ಪಟ್ಟಿಯ ಮೊದಲ ನಾಲ್ಕು ಹೆಸರೂ ಬಾಸ್ಟನ್‌ನವೇ. ಮೊದಲ ಸುತ್ತಿನಲ್ಲಿ ಎದುರಾದ ಮಾಂಟ್ರಿಯಲ್, ಅದುವರೆಗೆ ಬರೀ ಆರು ಎನ್‌ಎಚ್‌ಎಲ್ ಪಂದ್ಯ ಆಡಿದ್ದ ಕೆನ್ ಡ್ರೈಡನ್ ಎಂಬ ಹುಡುಗನನ್ನು ಗೋಲಿನಲ್ಲಿ ನಿಲ್ಲಿಸಿತು. ಏಳು ಪಂದ್ಯದಲ್ಲಿ ಬಾಸ್ಟನ್ ಮನೆಗೆ ಹೋಯಿತು. ಡ್ರೈಡನ್ ಕಪ್ ಎತ್ತಿದ.

ಗ್ರೆಟ್ಸ್ಕಿಯದಂತೂ ಇನ್ನೂ ಸ್ವಾರಸ್ಯ. ಒಂದು ಸೀಸನ್ನಿನಲ್ಲಿ 92 ಗೋಲು, 1981-82ರಲ್ಲಿ, ಇವತ್ತಿಗೂ ಮುರಿದಿಲ್ಲ. ಆ ವರ್ಷ ಲೀಗ್ ಹಂತದಲ್ಲಿ 111 ಅಂಕ ಗಳಿಸಿದ್ದ ಅವನ ತಂಡ ಎಡ್ಮಂಟನ್, ಮೊದಲ ಸುತ್ತಿನಲ್ಲೇ 63 ಅಂಕದ ಲಾಸ್ ಏಂಜಲಿಸ್‌ಗೆ ಸೋತಿತು. ಅದರಲ್ಲಿ ಒಂದು ಪಂದ್ಯದಲ್ಲಿ 5-0 ಮುಂದಿದ್ದು ಕೊನೆಗೆ 6-5ರಲ್ಲಿ ಕಳೆದುಕೊಂಡರು. ಒಂದು ಸೀಸನ್ನಿನಲ್ಲಿ 215 ಪಾಯಿಂಟ್, 1985-86ರಲ್ಲಿ. ಅದೂ ಇವತ್ತಿಗೂ ಮುರಿದಿಲ್ಲ. ಆ ವರ್ಷ ಕ್ಯಾಲ್ಗರಿಗೆ ಏಳನೇ ಪಂದ್ಯದಲ್ಲಿ ಸೋಲು. ಅದು ಹೇಗೆ ಎಂಬುದಕ್ಕೆ ಆಮೇಲೆ ಬರುತ್ತೇನೆ, ಅದನ್ನು ಹೇಳದೆ ಬಿಡುವವನಲ್ಲ ನಾನು. 1994ರ ಮಾರ್ಚ್ 23ರಂದು ಹಿಂದಿನ ದಾಖಲೆಗಾರ ಗಾರ್ಡಿ ಹೋನ 801 ದಾಟಿ 802ನೇ ಗೋಲು ಹೊಡೆದಾಗ ಅವನು ಲಾಸ್ ಏಂಜಲಿಸ್‌ನಲ್ಲಿದ್ದ. ಆ ಪಂದ್ಯ ಸೋತರು. ಆ ವರ್ಷ ಲೀಗಿನಲ್ಲೇ ಅತಿ ಹೆಚ್ಚು ಪಾಯಿಂಟ್ ಅವನದು, ಆದರೆ ತಂಡ ಪ್ಲೇಆಫ್‌ಗೇ ಹೋಗಲಿಲ್ಲ. ಓವೆಚ್ಕಿನ್ 895 ಹೊಡೆದ ಪಂದ್ಯವನ್ನೂ ವಾಷಿಂಗ್ಟನ್ 4-1ರಲ್ಲಿ ಸೋತಿತು, ಅದಕ್ಕೇ ತಾನೆ ನಿಮ್ಮ ಅನುಮಾನ ಬಲವಾದದ್ದು?

“ನೋಡಿ, ನೀವೇ ಹೇಳಿದ್ರಲ್ಲ, ದಾಖಲೆ ಮಾಡಿದ್ರೆ ಸೋಲು!” ಎನ್ನಬೇಡಿ. ಅದು ಅದೇ ಕಳೆಯ ಇನ್ನೊಂದು ಗೆಡ್ಡೆ. 1983-84ರಲ್ಲಿ ಇದೇ ಗ್ರೆಟ್ಸ್ಕಿ 87 ಗೋಲು, 205 ಪಾಯಿಂಟ್ ಮಾಡಿದ, ಕಪ್ಪನ್ನೂ ಗೆದ್ದ. ನಾನು ಹೇಳುತ್ತಿರುವುದು ಒಂದಕ್ಕೂ ಇನ್ನೊಂದಕ್ಕೂ ನೀವು ಕಟ್ಟಿದ ಹಗ್ಗ ಬಲು ಸಡಿಲ ಅಂತ. ಒಂದು ರಾತ್ರಿ ಹಟ ಹಿಡಿದು ಎಣಿಸಿದೆ. 1993ರಿಂದ 2025ರವರೆಗೆ 32 ಸಲ ಕಪ್ ಕೊಟ್ಟಿದ್ದಾರೆ (2005ರಲ್ಲಿ ಮಾಲೀಕರಿಗೂ ಆಟಗಾರರಿಗೂ ಜಗಳ ಹತ್ತಿ ಆಟವೇ ನಡೆಯಲಿಲ್ಲ). ಆ 32ರಲ್ಲಿ ಲೀಗಿನ ಪಾಯಿಂಟ್ ಪಟ್ಟಿಯ ಮೊದಲಿಗನ ತಂಡವೇ ಕಪ್ ಗೆದ್ದದ್ದು ಎರಡೇ ಸಲ: 2004ರಲ್ಲಿ ಟ್ಯಾಂಪಾದ ಮಾರ್ಟಿನ್ ಸೇಂಟ್ ಲೂಯಿ, 2009ರಲ್ಲಿ ಪಿಟ್ಸ್‌ಬರ್ಗ್‌ನ ಯೆವ್ಗೆನಿ ಮಾಲ್ಕಿನ್. ಮಿಕ್ಕ ಮೂವತ್ತು ವರ್ಷವೂ ಅಗ್ರಸ್ಥಾನದವರೆಲ್ಲ ಸ್ವಾರ್ಥಿಗಳಾಗಿದ್ದರೇ? 2022-23ರಲ್ಲಿ ಕಾನರ್ ಮೆಕ್‌ಡೇವಿಡ್ 153 ಪಾಯಿಂಟ್ ಮಾಡಿದ. ಅವನ ಎಡ್ಮಂಟನ್ ಅನ್ನು ಹೊರಹಾಕಿ ಕಪ್ ಗೆದ್ದ ವೇಗಸ್ ತಂಡದಲ್ಲಿ ಅತಿ ಹೆಚ್ಚು ಪಾಯಿಂಟ್ ಮಾಡಿದವನದು 66.

ಕಾರಣ ಗಡಿಯಾರದಲ್ಲಿದೆ. ಹಾಕಿ 60 ನಿಮಿಷದ ಆಟ. ಎಂಥ ಶೂರ ಫಾರ್ವರ್ಡ್ ಆದರೂ ಮುಕ್ಕಾಲು ನಿಮಿಷ ಜೀವ ಬಿಟ್ಟು ಓಡಿ ಬೆಂಚಿಗೆ ಹಾರಬೇಕು, ಇನ್ನೊಬ್ಬ ಇಳಿಯಬೇಕು. ಎಲ್ಲ ಕೂಡಿಸಿದರೆ ಅವನು ಐಸ್ ಮೇಲಿರುವುದು 20-22 ನಿಮಿಷ. ಮಿಕ್ಕ 40 ನಿಮಿಷ ಅವನು ನಿಮ್ಮ ನನ್ನ ಹಾಗೇ ಪ್ರೇಕ್ಷಕ, ಕೂತ ಜಾಗ ಮಾತ್ರ ಚೆನ್ನಾಗಿರುತ್ತದೆ. ಪೂರಾ 60 ನಿಮಿಷ ನಿಲ್ಲುವವನು ಗೋಲ್‌ಕೀಪರ್ ಒಬ್ಬನೇ. 2010ರಲ್ಲಿ ಲೀಗ್ ಹಂತದಲ್ಲಿ ಎಲ್ಲರಿಗಿಂತ ಮೇಲಿದ್ದ ವಾಷಿಂಗ್ಟನ್ ಮೊದಲ ಸುತ್ತಿನಲ್ಲಿ ಮಾಂಟ್ರಿಯಲ್ ಮೇಲೆ 3-1 ಮುಂದಿತ್ತು. ಮಿಕ್ಕ ಮೂರು ಪಂದ್ಯವನ್ನೂ ಸೋತು ಹೊರಬಿತ್ತು. ಆರನೇ ಪಂದ್ಯದಲ್ಲಿ ಮಾಂಟ್ರಿಯಲ್ ಗೋಲ್‌ಕೀಪರ್ ಯಾರೊಸ್ಲಾವ್ ಹಲಾಕ್ ತಡೆದ ಹೊಡೆತ 53. ಆ ಸರಣಿಯಲ್ಲಿ ಓವೆಚ್ಕಿನ್ ಏಳು ಪಂದ್ಯದಲ್ಲಿ ಐದು ಗೋಲು ಹೊಡೆದಿದ್ದ. ಇನ್ನೇನು ಮಾಡಬೇಕಿತ್ತು, ಹೋಗಿ ಹಲಾಕ್‌ನ ಕಾಲು ಹಿಡಿಯಬೇಕಿತ್ತೇ? 2018ರಲ್ಲಿ ಕಪ್ ಗೆದ್ದಾಗಲೂ ಅವನು ಅವನೇ. ಪ್ಲೇಆಫ್‌ನಲ್ಲಿ 15 ಗೋಲು ಹೊಡೆದ, ಶ್ರೇಷ್ಠ ಆಟಗಾರನ ಬಹುಮಾನ ಪಡೆದ. ಆ ಸಲ ಸುತ್ತಲಿನವರೂ ಕೈಕೊಡಲಿಲ್ಲ, ಅಷ್ಟೇ.

ದಾಖಲೆ ಎಂಬ ಕಾಗದದ ಬಗ್ಗೆಯೂ ಒಂದಿಷ್ಟು ಹೇಳಬೇಕು, ಏಕೆಂದರೆ ಅದನ್ನು ನಾನೇ ಬರೆಯುತ್ತೇನೆ. ನನ್ನ ಮಗ ಆಡುವ ರಿಂಕ್‌ನಲ್ಲಿ ಸ್ಕೋರ್‌ಶೀಟ್ ಬರೆಯುವುದು ಅಪ್ಪ-ಅಮ್ಮಂದಿರ ಸರದಿ. ಬೆಳಿಗ್ಗೆ ಏಳು ಗಂಟೆ, ಎರಡು ಜೊತೆ ಕಾಲುಚೀಲ ಹಾಕಿದರೂ ಬೆರಳು ಮರಗಟ್ಟಿರುತ್ತವೆ. ಗೋಲು ಬಿದ್ದ ಕೂಡಲೇ ರೆಫ್ರಿ ಜಾರಿಕೊಂಡು ಬಂದು ಗಾಜಿನ ಕಿಂಡಿಯಲ್ಲಿ ಮೂರು ನಂಬರ್ ಕೂಗುತ್ತಾನೆ: ಹದಿನೇಳು, ಒಂಬತ್ತು, ನಾಲ್ಕು. ಗೋಲು 17ರದು. ಅವನಿಗೆ ಪಕ್ ಕೊಟ್ಟ 9ಕ್ಕೆ ಒಂದು ಅಸಿಸ್ಟ್, 9ಕ್ಕೆ ಕೊಟ್ಟ 4ಕ್ಕೆ ಇನ್ನೊಂದು. ಮೂವರಿಗೂ ತಲಾ ಒಂದೊಂದು ಪಾಯಿಂಟ್. ಗೋಲ್‌ಕೀಪರ್ ಮೂಗಿನ ಮುಂದೆ ಗೋಡೆಯ ಹಾಗೆ ನಿಂತು, ಬೆನ್ನಿಗೆ ಕೋಲಿನ ಏಟು ತಿಂದು, ಅವನಿಗೆ ಪಕ್ ಕಾಣದಂತೆ ಮಾಡಿದ ಹುಡುಗನ ನಂಬರ್ ಬರೆಯಲು ಹಾಳೆಯಲ್ಲಿ ಜಾಗವೇ ಇಲ್ಲ. ಗ್ರೆಟ್ಸ್ಕಿಯ ಒಟ್ಟು 2857 ಪಾಯಿಂಟ್‌ನಲ್ಲಿ 1963 ಇಂಥ ಅಸಿಸ್ಟ್‌ಗಳು. ಎರಡನೇ ಸ್ಥಾನದ ಯಾಗರ್‌ನ ಗೋಲು-ಅಸಿಸ್ಟ್ ಎಲ್ಲ ಸೇರಿ 1921. ಜೀವಮಾನದಲ್ಲಿ ಒಂದೂ ಗೋಲು ಹೊಡೆಯದೆ ಇದ್ದಿದ್ದರೂ ಪಾಯಿಂಟ್ ದಾಖಲೆ ಗ್ರೆಟ್ಸ್ಕಿಯದೇ ಆಗುತ್ತಿತ್ತು. ಹಾಕಿಯ ಅತಿ ದೊಡ್ಡ ವೈಯಕ್ತಿಕ ದಾಖಲೆಯ ಮೂರರಲ್ಲಿ ಎರಡು ಪಾಲು ಇನ್ನೊಬ್ಬರ ಗೋಲಿಗೆ ದಾರಿ ಮಾಡಿಕೊಟ್ಟದ್ದು. ಸ್ವಾರ್ಥವಂತೆ!

ಈಗ 1986ರ ಕಥೆ. ಏಪ್ರಿಲ್ 30, ಏಳನೇ ಪಂದ್ಯ, 2-2. ಎಡ್ಮಂಟನ್‌ನ ಸ್ಟೀವ್ ಸ್ಮಿತ್ ಎಂಬ ಹುಡುಗನ 23ನೇ ಹುಟ್ಟುಹಬ್ಬ. ತನ್ನ ಗೋಲಿನ ಹಿಂದಿನಿಂದ ಪಕ್ ಅನ್ನು ಮುಂದಕ್ಕೆ ತಳ್ಳಿದ. ಅದು ತಮ್ಮದೇ ಗೋಲ್‌ಕೀಪರ್ ಗ್ರಾಂಟ್ ಫ್ಯೂರ್‌ನ ಕಾಲಿಗೆ ತಾಗಿ ಒಳಗೆ ಹೋಯಿತು. ಕ್ಯಾಲ್ಗರಿ 3-2. ಹಾಕಿಯ ಹಾಳೆಯಲ್ಲಿ ಸ್ವಂತ ಗೋಲು ಎಂಬ ಕಲಂ ಇಲ್ಲ, ಎದುರಾಳಿಗಳಲ್ಲಿ ಕೊನೆಗೆ ಪಕ್ ಮುಟ್ಟಿದವನ ಹೆಸರಿಗೆ ಗೋಲು. ಆ ಪುಣ್ಯಾತ್ಮ ಪೆರಿ ಬೆರೆಜನ್. ಪಕ್ ಅನ್ನು ಆ ಕಡೆಗೆ ಎಸೆದು, ಸುಸ್ತಾಗಿ ಬೆಂಚಿಗೆ ಹೋಗಿ ಕೂತಿದ್ದ. ಸರಣಿ ಗೆಲ್ಲಿಸಿದ ಗೋಲು ಇಂದಿಗೂ ಅವನ ಲೆಕ್ಕದಲ್ಲಿದೆ. 215 ಪಾಯಿಂಟ್ ಮಾಡಿದವನ ಕಪ್ ಹೀಗೆ ಹೋಯಿತು. ಮರುವರ್ಷ ಗೆದ್ದಾಗ ಕ್ಯಾಪ್ಟನ್ ಗ್ರೆಟ್ಸ್ಕಿ ಕಪ್ಪನ್ನು ಮೊದಲು ಕೊಟ್ಟದ್ದು ಸ್ಮಿತ್‌ನ ಕೈಗೆ.

ಇನ್ನು ಹನ್ನೊಂದು ಕಪ್ಪಿನ ಆನ್ರಿ ರಿಶಾರ್. ಮೋರಿಸ್‌ನ ತಮ್ಮ, 1046 ಪಾಯಿಂಟ್ ಮಾಡಿದ ಒಳ್ಳೆಯ ಆಟಗಾರ; ಸುಮ್ಮನೆ ತಂಡದ ಬಸ್ಸಿನಲ್ಲಿ ಕೂತು ಬಂದವನಲ್ಲ. ಆದರೆ 1967ರವರೆಗೆ ಲೀಗಿನಲ್ಲಿ ಇದ್ದದ್ದೇ ಆರು ತಂಡ. ಎರಡು ಸರಣಿ ಗೆದ್ದರೆ ಕಪ್. ಈಗ 32 ತಂಡ, ನಾಲ್ಕು ಸರಣಿ, ಮೇಲಾಗಿ 2005ರಿಂದ ಪ್ರತಿ ತಂಡದ ಸಂಬಳಕ್ಕೂ ಮಿತಿ. ಓವೆಚ್ಕಿನ್ ಬಂದದ್ದೂ ಅದೇ 2005ರಲ್ಲಿ. ಅಂದಿನ ಹನ್ನೊಂದನ್ನೂ ಇಂದಿನ ಒಂದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕಪ್ ಎಂದಾಗ ಯಾರೂ ಕೇಳದ ಒಂದು ವಿಷಯ ನೆನಪಾಗುತ್ತದೆ: ಅದರ ಮೇಲೆ ಕೆತ್ತಿದ ಹೆಸರುಗಳು ಎಷ್ಟು ದಿನ ಇರುತ್ತವೆ? ಗೆದ್ದ ತಂಡದ ಆಟಗಾರರ ಹೆಸರನ್ನೆಲ್ಲ ಕೆತ್ತುತ್ತಾರೆ, ಜೊತೆಗೆ ಮಾಲೀಕರದನ್ನೂ. 1984ರಲ್ಲಿ ಎಡ್ಮಂಟನ್ ಮಾಲೀಕ ಪೀಟರ್ ಪಾಕ್ಲಿಂಗ್ಟನ್ ತನ್ನ ಅಪ್ಪನ ಹೆಸರನ್ನೂ ಸೇರಿಸಿಬಿಟ್ಟ. ಆಮೇಲೆ ಅದರ ಮೇಲೆ ಸಾಲಾಗಿ ಎಕ್ಸ್ ಹೊಡೆದು ಮುಚ್ಚಿದರು. ಕಪ್ಪಿನ ಕೆಳಭಾಗದಲ್ಲಿ ಬಳೆಯ ಹಾಗೆ ಐದು ಪಟ್ಟಿಗಳಿವೆ. ಒಂದು ಪಟ್ಟಿಯಲ್ಲಿ ಹದಿಮೂರು ತಂಡಕ್ಕೆ ಜಾಗ. ಐದೂ ತುಂಬಿದರೆ ಹಳೆಯ ಪಟ್ಟಿಯನ್ನು ಕಳಚಿ, ಹೊಸತನ್ನು ಕೆಳಗೆ ಸೇರಿಸುತ್ತಾರೆ. ಇಲ್ಲದಿದ್ದರೆ ಕಪ್ ಎತ್ತಲು ಕ್ರೇನ್ ತರಬೇಕಾಗುತ್ತಿತ್ತು.

2018ರಲ್ಲಿ ಹಾಗೆ ಪಟ್ಟಿ ತುಂಬಿತ್ತು. ವಾಷಿಂಗ್ಟನ್‌ನವರ ಹೆಸರು ಕೆತ್ತಲು ಜಾಗ ಬೇಕಿತ್ತು. ಕಳಚಿದ್ದು 1954ರಿಂದ 1965ರವರೆಗಿನ ಪಟ್ಟಿಯನ್ನು. ಗಾರ್ಡಿ ಹೋನ ಹೆಸರು ಅದರೊಂದಿಗೆ ಪೂರ್ತಿ ಹೋಯಿತು. ಆನ್ರಿಯ ಹನ್ನೊಂದರಲ್ಲಿ ಆರು ಹೋದವು. ಎಂಟು ಸಲ ಕಪ್ ಗೆದ್ದ ಮೋರಿಸ್ ರಿಶಾರ್‌ನ ಹೆಸರು ಈಗ ಕಪ್ಪಿನ ಮೇಲೆ ಒಂದು ಕಡೆಯೂ ಇಲ್ಲ. ಸೀಸನ್ನಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಟ್ರೋಫಿಗೆ ಮಾತ್ರ ಅವನದೇ ಹೆಸರು, ಓವೆಚ್ಕಿನ್ ಅದನ್ನು ಒಂಬತ್ತು ಸಲ ಗೆದ್ದಿದ್ದಾನೆ. ಕಳಚಿದ ಪಟ್ಟಿಗಳು ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್‌ನಲ್ಲಿವೆ. ಅದು ಹಳೆಯ ಬ್ಯಾಂಕ್ ಕಟ್ಟಡ, ಪಟ್ಟಿಗಳನ್ನು ಅಲ್ಲಿನ ತಿಜೋರಿ ಕೋಣೆಯಲ್ಲಿಟ್ಟಿದ್ದಾರೆ. ನಾವು ಹೋದ ದಿನ ಹೊರಗೆ ಕಪ್ಪಿನ ಜೊತೆ ಫೋಟೊ ತೆಗೆಸಿಕೊಳ್ಳಲು ಬಾಗಿಲವರೆಗೂ ಸಾಲಿತ್ತು. ತಿಜೋರಿಯ ಒಳಗೆ ನಾನು, ನನ್ನ ಮಗ, ಇಬ್ಬರೇ ಗಾಜಿಗೆ ಮೂಗು ಒತ್ತಿಕೊಂಡು ಸಣ್ಣಕ್ಷರ ಓದುತ್ತ ನಿಂತಿದ್ದೆವು.