ಅಮ್ಮ ಬಂದು ಹೋದರೆ ಓದು ಕೆಡುತ್ತದೆಯೇ?

ಬಾಲಮಂದಿರದ ಮಗುವನ್ನು ನೋಡಲು ಅಮ್ಮ ಬಂದು ಹೋದ ಮೇಲೆ ಒಂದೆರಡು ದಿನ ಮಗು ಮಂಕಾಗುತ್ತದೆ. ಊಟ ಬಿಡುತ್ತದೆ, ಪುಸ್ತಕ ಮುಟ್ಟುವುದಿಲ್ಲ. ಆಗ ಸಿಬ್ಬಂದಿ, "ಪರೀಕ್ಷೆ ಮುಗಿಯುವ ತನಕ ಭೇಟಿ ಬೇಡ ಮೇಡಂ" ಎನ್ನುತ್ತಾರೆ. ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಆಪ್ತಸಮಾಲೋಚಕಿಯಾಗಿ ನಾನು ಇದನ್ನು ಒಪ್ಪುವುದಿಲ್ಲ. ಮಗುವನ್ನು ಕಾಡುವುದು ಅಮ್ಮ ಮತ್ತೆ ಯಾವಾಗ ಬರುತ್ತಾಳೆ ಅನ್ನುವ ಚಿಂತೆ. ಮುಂದಿನ ಭೇಟಿಯ ದಿನವನ್ನು ಕ್ಯಾಲೆಂಡರಿನಲ್ಲಿ ಮಗುವಿನ ಕೈಯಿಂದಲೇ ಗುರುತು ಹಾಕಿಸಿ. ಬೇಗ ಓದಿಗೆ ಕೂರುತ್ತದೆ.

ಹೇಳಿದ ದಿನ ಬರುವುದು ನಮ್ಮ ಮಲೆನಾಡಿನಲ್ಲಿ ಸುಲಭವಲ್ಲ. ಹೊಸನಗರ, ತೀರ್ಥಹಳ್ಳಿ ಕಡೆಯ ಒಳ ಊರುಗಳಿಂದ ಶಿವಮೊಗ್ಗಕ್ಕೆ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು. 2023ರಿಂದ ಶಕ್ತಿ ಯೋಜನೆ ಇದೆ, ನಿಜ. ಅದು ಸರ್ಕಾರಿ ಬಸ್ಸಿಗೆ ಮಾತ್ರ. ಇಲ್ಲಿ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಡಿಕೆ ಕೊಯ್ಲು ಶುರುವಾದರೆ ಸುಲಿಯುವ ಕೆಲಸ ಬಿಟ್ಟು ಬರಲಾಗದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಜೊತೆಗೆ ನೆಟ್‌ವರ್ಕೂ ಹೋಗುತ್ತದೆ. ಬಾರದ ತಾಯಿಯ ಬಗ್ಗೆ ಕಡತದಲ್ಲಿ "ಆಸಕ್ತಿ ಇಲ್ಲ" ಎಂದು ಬರೆಯುವ ಮುಂಚೆ ಇದನ್ನೆಲ್ಲ ವಿಚಾರಿಸಬೇಕು, ಅಲ್ವಾ? ಮಗುವನ್ನು ಮನೆಗೆ ಕಳಿಸಬೇಕೇ ಎಂದು ಮಕ್ಕಳ ಕಲ್ಯಾಣ ಸಮಿತಿ ಯೋಚಿಸುವಾಗ ಆ ಒಂದು ಸಾಲು ಅಡ್ಡ ಬರಬಹುದು.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ. ಪ್ರತಿ ಮಗುವಿಗೂ ಪ್ರತ್ಯೇಕ ಪಾಲನಾ ಯೋಜನೆ ಬರೆಯಬೇಕು. ನಾನು ನೋಡಿದ ಎಷ್ಟೋ ಯೋಜನೆಗಳಲ್ಲಿ ಓದಿನ ಭಾಗ ತುಂಬಿರುತ್ತದೆ, ಮನೆಯವರ ಭಾಗದಲ್ಲಿ ಸುಮ್ನೆ "ಸಂಪರ್ಕದಲ್ಲಿದ್ದಾರೆ" ಅಂತ ಇರುತ್ತದೆ. ಯಾರ ಜೊತೆ ಮಾತು, ಯಾವ ನಂಬರಿಗೆ, ಯಾವ ಹೊತ್ತಿನಲ್ಲಿ ಸಿಗ್ನಲ್ ಸಿಗುತ್ತದೆ? ಇಷ್ಟಾದರೂ ಬರೆಯಿರಿ. ಮನೆಯಲ್ಲೇ ಹಿಂಸೆ ಆಗಿದ್ದರೆ ಮಾತು ಬೇರೆ. ಆಗ ಭೇಟಿಯ ಬಗ್ಗೆ ಸಮಿತಿ ಹೇಳಿದಂತೆ ನಡೆಯಬೇಕು.

ಭೇಟಿಯಲ್ಲಿ ಶಾಲೆಯ ಮಾತೂ ಬರಲಿ. ನೋಟ್‌ಬುಕ್ ಅಮ್ಮನ ಕೈಗೆ ಕೊಡಿ. ಅವಳಿಗೆ ಓದು ಬರದಿದ್ದರೂ ಚಿಂತೆಯಿಲ್ಲ, ಮಗುವೇ ಪಾಠ ಓದಿ ಹೇಳಲಿ. ಅಮ್ಮನಿಗೆ ಓದಿ ಹೇಳಬೇಕೆಂದು ವಾರವಿಡೀ ಒಂದೇ ಪಾಠ ತಿದ್ದಿಕೊಳ್ಳುವ ಮಕ್ಕಳಿದ್ದಾರೆ.

ಪೋಷಕರಿಗೂ ಎರಡು ಮಾತು. ಹಳೆ ಶಾಲೆಯ ಟಿಸಿ ತಡವಾಯಿತು, ಜನನ ಪ್ರಮಾಣಪತ್ರ ಇಲ್ಲ ಎಂಬ ಕಾರಣಕ್ಕೆ 6ರಿಂದ 14 ವರ್ಷದ ಮಗುವಿಗೆ ಸರ್ಕಾರಿ ಶಾಲೆಯಲ್ಲಿ ಸೀಟು ಇಲ್ಲ ಎನ್ನುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ಒಪ್ಪುವುದಿಲ್ಲ. ಶಾಲೆ ಬಿಟ್ಟಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ವಿಶೇಷ ತರಬೇತಿ ಕೊಡಬೇಕು.

ಬಡತನವೊಂದೇ ಕಾರಣಕ್ಕೆ ಮಗು ಬಾಲಮಂದಿರದಲ್ಲಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಪ್ರಾಯೋಜಕತ್ವದ ಅರ್ಜಿ ಕೇಳಿ. ಮಿಷನ್ ವಾತ್ಸಲ್ಯ ಯೋಜನೆಯಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ, ಮಗು ಮನೆಯಲ್ಲಿದ್ದೇ ಓದಬಹುದು. ಅರ್ಜಿ ಬರೆಯಲು ಬರದಿದ್ದರೆ ಸಂಕೋಚ ಬೇಡ, ಬರೆದುಕೊಡಿ ಎಂದು ಅಲ್ಲಿಯ ಸಿಬ್ಬಂದಿಯನ್ನೇ ಕೇಳಿ.